ಇಲ್ಲದ ಮೊಟ್ಟೆಗೆ ಕಾವು

ನಮ್ಮ ಅತ್ತೆ ನಮ್ಮ ಮನೆಗೆ ಬಂದದ್ದು ಮಗಳ ಬಸಿರನ್ನು ಕಾಯುವುದಕ್ಕೆ. ಬಂದ ಸ್ವಲ್ಪ ದಿನಕ್ಕೇ ನಾವು ಅವರ ಮಂಡಿಯನ್ನು ಕಾಯುವ ಹಾಗಾಯಿತು. ನಾವು ಎಂದರೆ ಹೆಚ್ಚು ಜನವೇನಿಲ್ಲ, ನಾನು ಮತ್ತು ನನ್ನ ಹೆಂಡತಿ. ಹೆಂಡತಿ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲವಾದ್ದರಿಂದ ಎಣ್ಣೆ ಬಿಸಿ ಮಾಡುವುದು, ಬಿಸಿನೀರಿನ ಚೀಲ ತುಂಬುವುದು, ಔಷಧಿ ಅಂಗಡಿಗೆ ಓಡುವುದು ಎಲ್ಲ ನನ್ನ ಪಾಲಿಗೆ ಬಂತು. ಅಳಿಯ ಅಲ್ಲ, ಮಗಳ ಗಂಡ ಅನ್ನುತ್ತಾರಲ್ಲ, ಹಾಗೆ ಯಾವ ಹೆಸರಿನಿಂದ ಕರೆದರೂ ಓಡಬೇಕಾದವನು ನಾನೊಬ್ಬನೇ.

ಇದಕ್ಕೆ ಮುಂಚೆ ಎರಡು ಸಲ ನಮ್ಮ ಮನೆಯಲ್ಲಿ ಆಸೆ ಹುಟ್ಟಿ, ಎರಡು ಸಲವೂ ಅರ್ಧ ದಾರಿಯಲ್ಲಿ ಕೈಬಿಟ್ಟು ಹೋಗಿತ್ತು. ಈ ಸಲ ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು. ಮಲಗಿರಬೇಕು, ಭಾರ ಎತ್ತಬಾರದು, ಎದೆ ಒಡೆಯುವಂಥ ಸುದ್ದಿ ಒಂದೂ ಕಿವಿಗೆ ಬೀಳಬಾರದು. ನನ್ನವಳು ಕಿಟಕಿ ಪರದೆ ಹೊಲಿಯುವ ಕೆಲಸದವಳು. ಯಾರದೋ ಮನೆಯ ಪರದೆ ಒಂದು ಬದಿ ಬೆರಳಗಲ ಗಿಡ್ಡವಾಗಿದ್ದರೆ ಬೀದಿಯಲ್ಲಿ ನಿಂತೇ ಹೇಳುವ ಕಣ್ಣು ಅವಳದು. ಅಂಥವಳು ಈಗ ಗೋಡೆ ಪಕ್ಕದ ಮಂಚದಲ್ಲಿ ಎಡಮಗ್ಗುಲಾಗಿ ಮಲಗಿ, ಬಟ್ಟೆಯ ಅಂಚನ್ನು ಕೈಯಲ್ಲೇ ಮಡಿಚಿ ಹೊಲಿಯುತ್ತ ದಿನ ನೂಕುತ್ತಿದ್ದಳು. ಆ ಎರಡು ಸಲದ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ನನಗಂತೂ ಭಯವಿತ್ತು. ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಒಳಗಿಂದ ಮಾಮೂಲಿ ಮಾತಿನ ಸದ್ದು ಕೇಳಿಸುವ ತನಕ ನನಗೆ ಉಸಿರು ಸರಿಯಾಗಿ ಆಡುತ್ತಿರಲಿಲ್ಲ.

ಮಾತಿನ ಸದ್ದಿಗೆ ನಮ್ಮ ಅತ್ತೆ ಇದ್ದರು. ಬಹಳ ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವರು. ಹಬೆ, ಸೋಡ, ಯಂತ್ರಗಳ ಗಡಗಡದ ನಡುವೆ ಬದುಕಿದವರಾದ್ದರಿಂದ ಗುಟ್ಟಿನ ಮಾತನ್ನೂ ಮೂರು ಮನೆಗೆ ಕೇಳುವಂತೆ ಆಡುತ್ತಾರೆ. ನನಗೆ ಅವರು ಇಟ್ಟ ಹೆಸರು ಹೊಂಡದ ಸಾಹುಕಾರರು. ಊರಿನ ಕೊಳಚೆ ನೀರು ಬಂದು ತಿಳಿಯಾಗುವ ಹೊಂಡಗಳಲ್ಲಿ ನನಗೆ ಕೆಲಸ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಿಮ್ಮ ಕೈ ಕೆಸರಾಗಿರೋದು ಬೀದಿ ತಿರುವಿನಲ್ಲೇ ಮೂಗಿಗೆ ಗೊತ್ತಾಗತ್ತೆ, ಮೊಸರು ಮಾತ್ರ ಕಾಣೆ ಎಂದು ಬಾಗಿಲಲ್ಲೇ ಸೋಪು ಹಿಡಿದು ನಿಲ್ಲುತ್ತಿದ್ದರು.

ಇಂಥ ಬಾಯಿಗೆ ಮಂಡಿನೋವು ಸಿಕ್ಕರೆ ಕೇಳಬೇಕೆ. ಎದ್ದರೆ ಮಂಡಿ, ಕೂತರೆ ಮಂಡಿ. ನಾಳೆ ಮೋಡವಾಗುತ್ತದೋ ಇಲ್ಲವೋ ಅದನ್ನೂ ಮಂಡಿಯೇ ಹೇಳಬೇಕು. ಎಣ್ಣೆ ಬದಲಾಯಿತು, ಮುಲಾಮು ಬದಲಾಯಿತು, ಒಬ್ಬ ಮಂಡಿ ಡಾಕ್ಟರನ್ನೂ ನೋಡಿ ಬಂದೆವು. ಅವರು ಚಿತ್ರ ತೆಗೆದು, ವಯಸ್ಸಿಗೆ ತಕ್ಕ ಮಂಡಿ, ಹೆಚ್ಚೇನಿಲ್ಲ ಎಂದರು. ಅವರಿಗೇನು ಗೊತ್ತು ಎಂದು ಅತ್ತೆ ದಾರಿಯುದ್ದಕ್ಕೂ ಬೈದರು. ಒಂದು ದಿನ ಬಲಗಾಲು ಎಳೆಯುತ್ತಿದ್ದರು, ಇನ್ನೊಂದು ದಿನ ಎಡಗಾಲು. ನಮ್ಮ ಕೆಲಸದ ಹಾಗೆ ನೋವಿಗೂ ಪಾಳಿ ಇರಬಹುದು ಎಂದುಕೊಂಡು ನಾನು ಸುಮ್ಮನಾದೆ. ನಿಜ ಹೇಳುವುದಾದರೆ ನನಗೆ ರೇಗುತ್ತಿತ್ತು. ಹಾಸಿಗೆ ಹಿಡಿದ ಮಗಳು ಒಳಗಿದ್ದಾಳೆ, ಇವರಿಗೆ ಮಂಡಿಯದೇ ಧ್ಯಾನ.

ಹೆಂಡತಿಗೆ ಕೆಟ್ಟ ಸುದ್ದಿ ಹೇಳುವಂತಿಲ್ಲ, ಒಳ್ಳೆಯ ಸುದ್ದಿ ನಮ್ಮ ಕಡೆ ಅಷ್ಟಾಗಿ ಸುಳಿಯುವುದಿಲ್ಲ. ಹಾಗಾಗಿ ಸಂಜೆ ಮಂಚದ ಪಕ್ಕ ಕೂತು ನಾನು ಹಕ್ಕಿಗಳ ಸುದ್ದಿ ಹೇಳುತ್ತಿದ್ದೆ.

ನಮ್ಮ ಹೊಂಡಗಳು ಊರಾಚೆ ಇವೆ. ಮೊದಲನೆಯದರಲ್ಲಿ ನೀರು ಕಪ್ಪು, ನಡುವಿನದರಲ್ಲಿ ಹಸಿರು, ಕೊನೆಯದರಲ್ಲಿ ಆಕಾಶ ಕಾಣುವಷ್ಟು ತಿಳಿ. ಒಂದರಿಂದ ಇನ್ನೊಂದಕ್ಕೆ ನೀರು ಬಿಡುವ ತೂಬಿನ ಚಕ್ರ ತಿರುಗಿಸುವವನು ನಾನು. ತಳದಲ್ಲಿ ಕೂತ ಹೂಳನ್ನು ಪಕ್ಕದ ತಗ್ಗು ಕಟ್ಟೆಗಳಿಗೆ ಹರಿಸಿ ಬಿಸಿಲಿಗೆ ಒಣಗಿಸುತ್ತೇವೆ. ಒಣಗಿ ಬಿರುಕು ಬಿಟ್ಟ ಮೇಲೆ ಲೋಡರ್ ಬಂದು ಕೆರೆದು ಲಾರಿಗೆ ತುಂಬುತ್ತದೆ. ಪಾದ ಮುಳುಗುವಷ್ಟು ನೀರು, ಮೆತ್ತನೆಯ ಕೆಸರು, ಕೆಸರಿನ ತುಂಬ ಹುಳು ಇರುವ ಈ ಜಾಗ ಮನುಷ್ಯರಿಗೆ ಮೂಗು ಮುಚ್ಚಿಕೊಳ್ಳುವಂಥದ್ದು. ಮೆಟ್ಟುಗಾಲು ಹಕ್ಕಿಗಳಿಗೆ ಮಾತ್ರ ಇದೇ ತವರು.

ಕೋಳಿಗಿಂತ ಚಿಕ್ಕ ಮೈ. ಕತ್ತು, ಎದೆ, ಹೊಟ್ಟೆ ಒಗೆದಿಟ್ಟ ಬಿಳಿ, ರೆಕ್ಕೆ ಕಪ್ಪು. ಗಂಡಿನ ಬೆನ್ನು ಮಿರಿಮಿರಿ ಮಿಂಚುತ್ತದೆ, ಹೆಣ್ಣಿನದು ಸ್ವಲ್ಪ ಕಂದು. ಕೊಕ್ಕು ಸೂಜಿಯ ಹಾಗೆ ನೇರ, ಕಣ್ಣು ಕೆಂಪು. ನೋಡಬೇಕಾದದ್ದು ಕಾಲು. ಮೈಗೂ ಅದಕ್ಕೂ ಲೆಕ್ಕವೇ ತಾಳೆಯಾಗದಷ್ಟು ಉದ್ದದ, ತೆಳ್ಳನೆಯ, ಗುಲಾಬಿ ಬಣ್ಣದ ಕಾಲು. ಹಾರುವಾಗ ಅವನ್ನು ಎಲ್ಲಿಡುವುದೆಂದು ತಿಳಿಯದೆ ಬಾಲದ ಹಿಂದೆ ಚಾಚಿಕೊಂಡು ಹೋಗುತ್ತವೆ. ದೇವರು ಅಳತೆ ತಪ್ಪಿ ಕತ್ತರಿಸಿದ್ದಾನೆ, ಆಮೇಲೆ ಮಡಿಚಿ ಹೊಲಿಯೋಕೆ ಬೇಜಾರಾಗಿದೆ ಎಂದಳು ನನ್ನವಳು.

ನಮ್ಮಲ್ಲಿ ನೀರಿನ ಪರೀಕ್ಷೆ ಮಾಡುವ ಲ್ಯಾಬಿನಾಕೆ ಒಬ್ಬಳಿದ್ದಾಳೆ. ಸೀಸೆಗಳ ಜೊತೆ ದುರ್ಬೀನನ್ನೂ ಕೊರಳಿಗೆ ಹಾಕಿಕೊಂಡೇ ಬರುವವಳು. ಹಕ್ಕಿಯ ಕಾಲು ನಡುವಿನಲ್ಲಿ ಹಿಂದಕ್ಕೆ ಮಡಿಚುವುದನ್ನು ನೋಡಿ, ಇದೇನು ಇದರ ಮಂಡಿ ತಿರುಗುಮುರುಗು ಎಂದು ನಾನೊಮ್ಮೆ ನಕ್ಕಿದ್ದೆ. ಅದು ಮಂಡಿಯೇ ಅಲ್ಲ ಎಂದಳು ಅವಳು. ಅದು ಹಿಮ್ಮಡಿಯ ಕೀಲಂತೆ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಹತ್ತಿರ, ಗರಿಗಳ ಒಳಗೆ ಇರುತ್ತದಂತೆ, ಹೊರಗಿನವರಿಗೆ ಕಾಣುವುದಿಲ್ಲವಂತೆ. ಇದನ್ನೂ ಸಂಜೆ ಮನೆಯಲ್ಲಿ ಹೇಳಿದೆ. ಅತ್ತೆ ಬಿಸಿನೀರಿನ ಚೀಲವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ಪುಣ್ಯವಂತ ಹಕ್ಕಿ, ಅದಕ್ಕೆ ಎಣ್ಣೆ ತಿಕ್ಕೋ ತಾಪತ್ರಯ ಇಲ್ಲ ಎಂದರು.

ಬಿಸಿಲು ಬಲಿತ ಮೇಲೆ ಒಂದು ಬೆಳಿಗ್ಗೆ ಕಟ್ಟೆಯ ನಡುವೆ ಹೆಣ್ಣುಹಕ್ಕಿ ಕೂತದ್ದು ಕಂಡಿತು. ಈ ಹಕ್ಕಿಗಳು ಮರ ಹತ್ತುವುದಿಲ್ಲ. ನೆಲದಲ್ಲೇ ಒಂದು ಗುಳಿ ಕೆದರಿ, ಕಡ್ಡಿ, ಹೆಂಟೆ, ಗುಬ್ಬಚ್ಚಿ ತಲೆಯಷ್ಟು ಕಲ್ಲು ಜೋಡಿಸಿ ನಾಲ್ಕು ಮೊಟ್ಟೆ ಇಡುತ್ತವೆ. ಮೊಟ್ಟೆಗೆ ಕೆಸರಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಎದುರಿಗಿದ್ದರೂ ಕಣ್ಣಿಗೆ ಹತ್ತುವುದಿಲ್ಲ. ಈ ಹೆಣ್ಣು ಆ ಉದ್ದ ಕಾಲನ್ನು ಮಡಿಚಿ ಕೂತು, ಮತ್ತೆ ಎದ್ದು, ಕೆಳಗೆ ಕೊಕ್ಕು ಹಾಕಿ ಏನೋ ಸರಿಪಡಿಸಿ, ಮೈ ಅಲುಗಿಸಿ ಮತ್ತೆ ಕೂತಿತು. ನಾನು ಏರಿಯ ಮೇಲೆ ನಿಂತು ಬಹಳ ಹೊತ್ತು ನೋಡಿದೆ. ಮನೆಯಲ್ಲಿ ಮಲಗಿದವಳ ನೆನಪಾಯಿತು.

ಮಾರನೆಯ ದಿನವೇ ಆ ಕಟ್ಟೆಗೆ ಲೋಡರ್ ಬರುವುದಿತ್ತು. ನಿಲ್ಲಿಸುವ ಅಧಿಕಾರ ನನಗಿಲ್ಲ. ಹಾಗಾಗಿ ಹಕ್ಕಿ ಮೇಯಲು ಹೋದಾಗ ಇಳಿದು, ಅದು ಕೂತಿದ್ದ ಜಾಗದ ಸುತ್ತ ದೂರದಿಂದಲೇ ದೊಡ್ಡ ಕಲ್ಲುಗಳನ್ನು ಇಟ್ಟು, ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನೆಟ್ಟೆ. ಹತ್ತಿರ ಹೋದರೆ ಹಕ್ಕಿ ಗೂಡು ಬಿಟ್ಟೀತೆಂದು ಒಳಗೆ ಇಣುಕಲೂ ಇಲ್ಲ. ಲೋಡರ್ ಓಡಿಸುವವನು ಒಳ್ಳೆಯ ಮನುಷ್ಯ, ಆ ಕಲ್ಲಿನ ಒಳಗೆ ಚಕ್ರ ಇಡುವುದಿಲ್ಲ ಎಂದು ಮಾತು ಕೊಟ್ಟ. ಅವನು ಕೆಲಸ ಮುಗಿಸುವ ತನಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಹಕ್ಕಿಗಳು ತಲೆಯ ಮೇಲೆ ಕಿಕ್ ಕಿಕ್ ಎಂದು ಅರಚುತ್ತ ಸುತ್ತುತ್ತಿದ್ದವು. ಯಂತ್ರದ ಸದ್ದಿಗೆ ಹೆದರಿರಬೇಕು ಎಂದುಕೊಂಡೆ.

ಯಂತ್ರ ನಿಂತ ಮೇಲೆ ಹೋಗಿ ನೋಡಿದೆ. ನನ್ನ ಕಲ್ಲಿನ ವೃತ್ತದೊಳಗೆ ಏನೂ ಇರಲಿಲ್ಲ. ಒಣಗಿದ ಹೂಳು, ಅದರ ಮೇಲೆ ಹಕ್ಕಿಯ ಎದೆ ಒತ್ತಿದ ಸಣ್ಣ ಗುರುತು, ಅಷ್ಟೆ. ಮೊಟ್ಟೆ ಇದ್ದದ್ದು ಆಚೆ, ಏರಿಯ ಬುಡದಲ್ಲಿ. ನನ್ನ ಕಲ್ಲು ತಪ್ಪಿಸಲೆಂದೇ ಅವನು ಲೋಡರನ್ನು ಆ ಕಡೆಯಿಂದ ಬಳಸಿ ತಂದಿದ್ದ. ಚಕ್ರದ ಅಚ್ಚಿನಲ್ಲಿ ಹಳದಿ ಬಣ್ಣ ಕೆಸರಿಗೆ ಇಳಿದಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ನೀನು ಹೇಳಿದ ಜಾಗ ನಾನು ಮುಟ್ಟಿಲ್ಲ ಕಣಯ್ಯ ಎಂದ. ಅವನದೇನೂ ತಪ್ಪಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಕಾವಲಿಗೆ ನಿಂತವನೇ ಕೊಂದಿದ್ದೆ.

ಲ್ಯಾಬಿನಾಕೆ ಏರಿಯಿಂದ ಇಳಿದು ಬಂದು ಎಲ್ಲವನ್ನೂ ನೋಡಿದಳು. ಬೈಯಲಿಲ್ಲ. ಯಾರಾದರೂ ದಿಟ್ಟಿಸಿ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಈ ಹಕ್ಕಿ ಗೂಡಿನಿಂದ ದೂರ ಬಂದು, ಏನೂ ಇಲ್ಲದ ಕಡೆ ಕಾವಿಗೆ ಕೂತ ಹಾಗೆ ಕೂರುತ್ತದಂತೆ. ಇಲ್ಲದ ಮೊಟ್ಟೆಯನ್ನು ಕೊಕ್ಕಿನಿಂದ ಹೊರಳಿಸುತ್ತದಂತೆ. ಇನ್ನೂ ಹತ್ತಿರ ಹೋದರೆ ರೆಕ್ಕೆ ಮುರಿದ ಹಾಗೆ ಕುಂಟುತ್ತದಂತೆ, ಗೋಳಾಡುತ್ತದಂತೆ. ನಾನು ಅಷ್ಟು ಹೊತ್ತು ನೋಡುತ್ತ ನಿಂತದ್ದಕ್ಕೇ ಅದು ಅಲ್ಲಿ ಕೂತದ್ದು. ಹಾಗಾದರೆ ನಿಜವಾದ ಗೂಡನ್ನು ಕಂಡುಹಿಡಿಯುವುದು ಹೇಗೆ ಎಂದು ಕೇಳಿದೆ.

"ಅದು ತೋರಿಸಿದ ಕಡೆ ನೋಡಿ, ನಂಬಿದ ಹಾಗೆ ಮಾಡಿ ಹೊರಟುಬಿಡಿ. ನೀವು ಹೋದಿರಿ ಅಂತ ಅದಕ್ಕೆ ಖಾತ್ರಿ ಆಗಬೇಕು. ಆಗ ತಾನಾಗೇ ಗೂಡಿಗೆ ಹೋಗತ್ತೆ."

ಆ ಸಂಜೆ ಮನೆಯಲ್ಲಿ ಅರ್ಧ ಮಾತ್ರ ಹೇಳಿದೆ. ಒಡೆದ ಮೊಟ್ಟೆಯ ಸುದ್ದಿ ನುಂಗಿಕೊಂಡು, ಲೋಡರ್ ಬಂದದ್ದನ್ನೂ ಹಕ್ಕಿಯ ಉಪಾಯವನ್ನೂ ಮಾತ್ರ ತಮಾಷೆ ಮಾಡಿ ಹೇಳಿದೆ. ಏನೂ ಇಲ್ಲದ ಕಡೆ ಕೂತು ಗೋಳಾಡುತ್ತೆ, ನೋಡಿದವರೆಲ್ಲ ಅಲ್ಲೇ ನೋಡುತ್ತಾರೆ ಎಂದಾಗ ಬಾಗಿಲ ಬಳಿ ಕುರ್ಚಿಯಲ್ಲಿದ್ದ ಅತ್ತೆಯ ಬಲಗೈ ಮಂಡಿಯ ಮೇಲಿನಿಂದ ಎದ್ದು ಎಡ ಕಂಕುಳ ಹತ್ತಿರ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಂಡೆ, ಆದರೆ ಸೊಳ್ಳೆ ಕಚ್ಚಿರಬೇಕು ಎಂದುಕೊಂಡೆ. ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ನೋಡುವವನು ನಿಜವಾಗಿ ನಂಬಿಲ್ಲ ಅಂತ ಹಕ್ಕಿಗೆ ಗೊತ್ತಾಗಲ್ವಾ ಎಂದು ಕೇಳಿದಳು. ನಂಬೋದು ಬಿಡೋದು ಅದಕ್ಕೆ ಬೇಕಿಲ್ಲ, ಹೊರಟುಹೋದರೆ ಸಾಕು ಎಂದೆ. ಅವಳು ಮತ್ತೆ ಸೂಜಿ ಕೈಗೆತ್ತಿಕೊಂಡಳು.

ಅದಾದ ಮೇಲೆ ಒಂದು ದಿನ ಅಕಾಲದಲ್ಲಿ ಮಳೆ ಬಂತು. ನಾನು ಬೇಗ ಬಿಡುವಾಗಿ ಮನೆಗೆ ಬಂದಿದ್ದೆ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿದ್ದು ನೆನಪಾಗಿ ನಮ್ಮ ಬಾಗಿಲು ದಾಟಿ ಮೇಲಕ್ಕೆ ಹೋದೆ. ನನಗಿಂತ ಮುಂದೆ ಯಾರೋ ದಡದಡ ಮೆಟ್ಟಿಲು ಹತ್ತಿದ ಸದ್ದು ಕೇಳಿತು. ಮೇಲಿನ ಬಾಗಿಲಿಗೆ ಬಂದು ನೋಡಿದರೆ ಅತ್ತೆ. ಕುಂಟಿಲ್ಲ, ಗೋಡೆ ಹಿಡಿದಿಲ್ಲ. ಹಗ್ಗದ ಈ ತುದಿಯಿಂದ ಆ ತುದಿಗೆ ಸರಸರ ಓಡುತ್ತ ಬಟ್ಟೆ ಎಳೆಯುತ್ತಿದ್ದರು. ಎಳೆಯುತ್ತಿದ್ದದ್ದು ಒಂದೇ ಕೈಯಲ್ಲಿ. ಕ್ಲಿಪ್ಪುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಎಡತೋಳು ಪಕ್ಕೆಗೆ ಅಂಟಿದ ಹಾಗಿತ್ತು. ಒಂದು ದೊಡ್ಡ ಹೊದಿಕೆ ಒದ್ದೆಯಾಗಿ ಭಾರವಾಗಿತ್ತು, ಅದಕ್ಕೆ ಎಡಗೈ ಎತ್ತಲು ಹೋಗಿ ಅರ್ಧಕ್ಕೇ ಮುಖ ಕಿವುಚಿ ಬಾಗಿಬಿಟ್ಟರು.

ನನ್ನನ್ನು ಕಂಡ ಕೂಡಲೇ ಅವರ ಕೈ ಮಂಡಿಗೆ ಹೋಯಿತು. ಬಾಯಿಯಲ್ಲಿದ್ದ ಕ್ಲಿಪ್ಪು ತೆಗೆದು, ಅಯ್ಯೋ ಈ ಹಾಳು ಮಂಡಿ ಎಂದು ಶುರುಮಾಡಿದರು.

"ಸಾಕು ಅತ್ತೆ," ಎಂದೆ. "ಮಂಡಿಗೆ ಏನೂ ಆಗಿಲ್ಲ. ಎಲ್ಲಿ ಆಗಿದೆ, ಅದನ್ನ ಹೇಳಿ."

ಅವರು ಮೆಟ್ಟಿಲ ಬಾಗಿಲ ಒಳಗೆ ಬಂದು ಕೂತರು. ಒದ್ದೆ ಬಟ್ಟೆಯ ರಾಶಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ಮಡಿಚತೊಡಗಿದರು. ಹಾಗೆ ಮಡಿಚುತ್ತಲೇ ಹೇಳಿದರು. ಎಡ ಎದೆಯಲ್ಲಿ ಗಂಟಿದೆ. ನಮ್ಮ ಮನೆಗೆ ಬರುವ ಮುಂಚೆಯೇ ಕೈಗೆ ಸಿಕ್ಕಿತ್ತು. ಮೊದಲು ಹುಣಸೆ ಬೀಜದಷ್ಟಿತ್ತು, ಈಗ ಹಾಗಿಲ್ಲ. ಚರ್ಮ ಒಳಕ್ಕೆ ಎಳೆದುಕೊಂಡಿದೆ. ಅದು ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಕಾಯಿಲೆಯ ವಾರ್ಡಿನ ಬಟ್ಟೆ ಅಷ್ಟು ವರ್ಷ ಒಗೆದವರು. ಮುಖ ಚಿಕ್ಕದಾದರೆ ಮಗಳು ಯಾಕೆಂದು ಕೇಳುತ್ತಾಳೆ. ಕೇಳಿದರೆ ಹೇಳಲು ಒಂದು ನೋವು ಬೇಕಲ್ಲ. ಯಾರೂ ಹೆದರದ, ಎಲ್ಲರೂ ನಗುವ ನೋವನ್ನು ಹುಡುಕಿ ಮಂಡಿಯನ್ನು ಆರಿಸಿಕೊಂಡಿದ್ದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಈಗಲೇ ಆಸ್ಪತ್ರೆಗೆ ಹೊರಡಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಹೆರಿಗೆಗೆ ಇನ್ನೂ ಬಹಳ ದಿನವಿತ್ತು. ಅಷ್ಟು ದಿನ ಬಿಟ್ಟರೆ ಏನಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಕೂಸು ಬರಲಿ," ಎಂದರು. ಆ ಗಟ್ಟಿ ಗಂಟಲು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಆಮೇಲೆ ಬೇಕಾದ್ರೆ ನನ್ನ ನಿಮ್ಮ ಲೋಡರ್‌ಗೇ ಕೊಟ್ಟುಬಿಡಿ. ಆ ಎರಡು ಸಲ ಅವಳು ಆಸ್ಪತ್ರೇಲಿ ಮಲಗಿದ್ದ ಹಾಸಿಗೆ ಬಟ್ಟೆ ಒಗೆಯೋಕೆ ನನ್ನ ಹತ್ರಾನೇ ಬಂದಿತ್ತು. ಬೇರೆಯವರ ಕೈಗೆ ಕೊಡಲಿಲ್ಲ, ನಾನೇ ಒಗೆದೆ. ಮೂರನೇದು ನನ್ನ ಕೈಲಿ ಆಗಲ್ಲ."

ನಾನು ಅವರ ಪಕ್ಕ ಕೂತೆ. ಮಳೆ ಜೋರಾಗಿ ಬಂದು ನಿಂತಿತು. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಕೂಸಿಗೆ ಅಪಾಯ, ಹೇಳದಿದ್ದರೆ ಇವರನ್ನು ಕೈಯಾರೆ ಕಳೆದುಕೊಳ್ಳುವುದು. ನಾನು ಇನ್ನೊಂದು ಸಲ ಖಾಲಿ ಜಾಗದ ಸುತ್ತ ಕಲ್ಲಿಟ್ಟು ಕಾಯಲಾರೆ ಎಂಬುದು ಮಾತ್ರ ನನಗೆ ಖಚಿತವಾಗಿತ್ತು. ಮಡಿಲಿನ ಬಟ್ಟೆ ಮುಗಿದ ಮೇಲೆ ಅವರ ಕೈ ಮತ್ತೆ ಮಂಡಿಯ ಮೇಲೆ ಹೋಗಿ ಕೂತಿತು. ಅದನ್ನು ನೋಡಿ ನನಗೆ ದಾರಿ ಹೊಳೆಯಿತು. ಮಂಡಿಯನ್ನು ನೀವೇ ಇಷ್ಟು ದೊಡ್ಡದು ಮಾಡಿದ್ದೀರಿ, ಈಗ ಅದಕ್ಕೇ ಆಪರೇಷನ್ ಮಾಡಿಸೋಣ ಎಂದೆ. ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಮುಖ ನೋಡಿ, ಹೊಂಡದ ಸಾಹುಕಾರರಿಗೆ ಬುದ್ಧಿಯೂ ಇದೆ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದು ಎಂದರೆ ಏನೆಂದು ಆ ದಿನಗಳಲ್ಲಿ ಕಲಿತೆ. ಮಂಡಿಯ ಪರೀಕ್ಷೆ ಎಂದು ಹೇಳಿ ಗಂಟಿನ ಪರೀಕ್ಷೆಗೆ ಕರೆದೊಯ್ದೆ. ಮಂಡಿಯ ಚಿಪ್ಪು ಸವೆದಿದೆ, ಬದಲಾಯಿಸಬೇಕಂತೆ ಎಂದು ಹೆಂಡತಿಗೆ ಹೇಳಿದೆ. ಯಾವ ಕಾಲು ಎಂದಳು. ಬಲಗಾಲು ಎಂದು ಬಾಯಿಗೆ ಬಂದದ್ದು ಹೇಳಿದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಸರಿ, ಮಾಡಿಸು, ಕೆಳಗಿನ ಮನೆಯಾಕೆ ನನ್ನ ಜೊತೆ ಇರ್ತಾಳೆ ಎಂದಳು.

ಎದೆಯನ್ನೇ ತೆಗೆಯಬೇಕಾಯಿತು. ಆಪರೇಷನ್ ಮಾಡಿದ ಡಾಕ್ಟರು ಯಾವ ಭರವಸೆಯನ್ನೂ ಕೊಡಲಿಲ್ಲ. ಮುಂದೆ ಔಷಧಿ ಇದೆ, ಅದು ಹಿಡಿಯಬೇಕು, ಕಾದು ನೋಡೋಣ, ಹೆರಿಗೆ ಮುಗಿಯುವ ತನಕ ಕಾದಿದ್ದರೆ ಈ ಮಾತನ್ನೂ ಹೇಳುತ್ತಿರಲಿಲ್ಲ ಎಂದರು. ಅತ್ತೆ ಎಚ್ಚರವಾದ ಮೇಲೆ ಮೊದಲು ನೋಡಿದ್ದು ತಮ್ಮ ಮೇಲೆ ಹೊದಿಸಿದ್ದ ಬಟ್ಟೆಯನ್ನು. ಅಂಚು ಹಿಡಿದು ಬೆಳಕಿಗೆ ಹಿಡಿದು, ಸೋಡ ಕಡಿಮೆ ಹಾಕಿದ್ದಾರೆ, ಈಗಿನವರಿಗೆ ಬಟ್ಟೆ ಒಗೆಯೋಕೆ ಬರಲ್ಲ ಎಂದರು. ನಾನು ಹೊರಗೆ ಹೋಗಿ ಮೂಲೆಯಲ್ಲಿ ನಿಂತು ಅತ್ತುಬಿಟ್ಟೆ.

ಮನೆಗೆ ಕರೆತರುವ ದಿನ ಕಾರು ನಮ್ಮ ಬೀದಿಗೆ ತಿರುಗುವ ಮುಂಚೆ ನನಗೆ ನೆನಪಾಯಿತು. ಮಂಡಿಯ ಆಪರೇಷನ್ ಆದವರಿಗೆ ಮಂಡಿಯಲ್ಲಿ ಪಟ್ಟಿ ಇರಬೇಕು. ಡ್ರೈವರಿಗೆ ನಿಲ್ಲಿಸಲು ಹೇಳಿ, ಔಷಧಿ ಅಂಗಡಿಯಿಂದ ಅಗಲದ ಪಟ್ಟಿ ತಂದೆ. ಅಳಿಯನಾಗಿ ಇಷ್ಟು ವರ್ಷದಲ್ಲಿ ಅತ್ತೆಯ ಪಾದ ಬಿಟ್ಟು ಬೇರೆ ಮುಟ್ಟಿದವನಲ್ಲ ನಾನು. ಅವರು ಕಿಟಕಿಯಾಚೆ ಮುಖ ತಿರುಗಿಸಿ ಬಟ್ಟೆಯನ್ನು ಸ್ವಲ್ಪ ಮೇಲಕ್ಕೆತ್ತಿಕೊಂಡರು. ನಾನು ಎರಡು ಸೀಟಿನ ನಡುವೆ ಕುಕ್ಕುರು ಕೂತು, ಏನೂ ಆಗದ ಮಂಡಿಗೆ ಸುತ್ತಿನ ಮೇಲೆ ಸುತ್ತು ಪಟ್ಟಿ ಕಟ್ಟಿದೆ. ಚೆನ್ನಾಗಿದ್ದ ಮಂಡಿ. ವಯಸ್ಸಿಗೆ ತಕ್ಕ ಮಂಡಿ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ನಿಜವಾದ ಗಾಯ ಶಾಲಿನ ಒಳಗಿತ್ತು.

ಅತ್ತೆ ಕುಂಟುತ್ತ 'ಬಂದೆ ಮಗಳೇ' ಎಂದು ಕೂಗಿ ಒಳಗೆ ಹೋದರು. ಹೆಂಡತಿ ದಿಂಬಿಗೊರಗಿ ಕೂತು ಅಮ್ಮನ ಪಟ್ಟಿಯನ್ನು ಮುಟ್ಟಿ ನೋಡಿದಳು. ಚೆನ್ನಾಗಿ ಕಟ್ಟಿದ್ದಾರೆ ಎಂದಳು. ಮಾತು ಎಣ್ಣೆಗೆ, ಊಟಕ್ಕೆ, ಕೆಳಗಿನ ಮನೆಯಾಕೆಯ ಗೊರಕೆಗೆ ಹೊರಳಿತು. ಅತ್ತೆ ಮಲಗಲು ಹೋದ ಮೇಲೆ ಅವಳು ನನ್ನನ್ನು ಹತ್ತಿರ ಕರೆದು ಬಾಗಿಲು ಮುಂದೆ ಮಾಡಿಸಿದಳು.

"ಪಟ್ಟಿ ಬಲಗಾಲಿಗಿದೆ," ಎಂದಳು. "ಅಮ್ಮ ಕುಂಟಿದ್ದು ಎಡಗಾಲು."

ನಾನು ಬಾಯಿ ಬಿಟ್ಟರೆ ಎಲ್ಲ ಹೊರಗೆ ಬೀಳುತ್ತಿತ್ತು. ಅವಳು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನದು ಹೊರಳಿತು.

"ಈಗ ಹೇಳಬೇಡ. ಏನೋ ಇದೆ, ನನ್ನಿಂದ ಮುಚ್ಚಿಡಬೇಕಾದ್ದು. ಅಷ್ಟು ನನಗೆ ಗೊತ್ತು. ತೋರಿಸಿದ ಕಡೆ ನೋಡಿ ಹೊರಟುಬಿಡಬೇಕು ಅಂತ ನೀನೇ ಹೇಳಿದ್ದೆಯಲ್ಲ. ಇದು ಬರೋವರೆಗೂ ನಾನು ಮಂಡಿಯನ್ನೇ ನೋಡ್ತೀನಿ. ಆಮೇಲೆ ನೀವಿಬ್ಬರೂ ನನಗೆ ಸುಳ್ಳು ಹೇಳಬಾರದು."

ಅಲ್ಲಿಂದ ಮುಂದೆ ಅವಳು ಪ್ರತಿ ಸಂಜೆ ಅಮ್ಮನನ್ನು ಮಂಚದ ತುದಿಯಲ್ಲಿ ಕೂರಿಸಿಕೊಂಡು ಆ ಮಂಡಿಗೆ, ಪಟ್ಟಿ ಬಿಚ್ಚದೆಯೇ ಅದರ ಮೇಲೂ ಕೆಳಗೂ, ಎಣ್ಣೆ ತಿಕ್ಕಿದಳು. ಅತ್ತೆ ಹಾಯ್ ಎನ್ನುತ್ತಿದ್ದರು, ಉಯ್ ಎನ್ನುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಗಳಿಗೆ ಗೊತ್ತಿದೆ ಎಂದು ನಾನು ಅತ್ತೆಗೆ ಹೇಳಲಿಲ್ಲ.

ಹೊಂಡದಲ್ಲಿ ಆ ಜೋಡಿ ಮತ್ತೆ ಮೊಟ್ಟೆ ಇಟ್ಟಿತ್ತು. ಮೊದಲ ಮೊಟ್ಟೆ ಹೋದರೆ ಮತ್ತೊಮ್ಮೆ ಇಡುತ್ತವಂತೆ. ಈ ಸಲ ಕೊನೆಯ ಹೊಂಡದ ಅಂಚಿನಲ್ಲಿ, ಒಂದು ಮಣ್ಣಿನ ದಿಣ್ಣೆಯ ಮೇಲೆ. ನಾನು ಕಲ್ಲೂ ಇಡಲಿಲ್ಲ, ಬಟ್ಟೆಯನ್ನೂ ಕಟ್ಟಲಿಲ್ಲ. ಮಳೆಗೆ ನೀರು ಏರಿದಾಗ ತೂಬಿನ ಚಕ್ರವನ್ನು ಆದಷ್ಟು ಮೆಲ್ಲಗೆ ತಿರುಗಿಸಿದೆ. ಏರಿದ ನೀರಿಗೆ ಅವೇ ಕಡ್ಡಿ, ಕಲ್ಲು ತಂದು ಮೊಟ್ಟೆಯ ಕೆಳಗೆ ತುರುಕಿ ಗೂಡನ್ನು ಎತ್ತರಿಸಿಕೊಂಡವು. ಸುಡುಬಿಸಿಲಿನಲ್ಲಿ ಗಂಡು ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಕೂರುತ್ತಿತ್ತು, ಹೆಣ್ಣು ಎದ್ದು ನೀರಿಗೆ ಹೋಗುತ್ತಿತ್ತು. ನಾನು ಏರಿಯ ಮೇಲೆ ಹೋಗುವಾಗ ಯಾವುದಾದರೊಂದು ಎದ್ದು ಬಂದು ಬರಿನೆಲದಲ್ಲಿ ಕೂತು ಇಲ್ಲದ ಮೊಟ್ಟೆ ಹೊರಳಿಸುತ್ತಿತ್ತು. ನಾನು ನಿಂತು, ಅಲ್ಲಿಗೇ ನೋಡಿ, ಮುಂದೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಕೆಸರಿನ ಬಣ್ಣದ ನಾಲ್ಕು ಮರಿ ದಿಣ್ಣೆಯ ಮೇಲಿದ್ದವು, ಆಗಲೇ ಅಳತೆ ಮೀರಿದ ಕಾಲು. ನಾನು ಸಂಜೆ ಹೊರಡುವ ಹೊತ್ತಿಗೆ ಗೂಡು ಖಾಲಿ, ಮರಿಗಳು ಅಪ್ಪ ಅಮ್ಮನ ಹಿಂದೆ ನೀರಂಚಿನಲ್ಲಿ ನಡೆಯುತ್ತಿದ್ದವು. ಮನೆಗೆ ಬಂದು ಹೇಳಿದರೆ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮಗೆ ಹೆರದೇ ಮುದ್ದು ಎಂದರು ಅತ್ತೆ.

ನಮ್ಮ ಮಗಳು ಬಂದದ್ದು ದಿನ ತುಂಬಿಯೇ. ಮಾರನೆಯ ಮಧ್ಯಾಹ್ನ ನಾನು ಅತ್ತೆಯನ್ನು ಹೆರಿಗೆ ವಾರ್ಡಿಗೆ ಕರೆದುಕೊಂಡು ಹೋದೆ. ಔಷಧಿಯಿಂದ ಅವರು ಅರ್ಧ ಇಳಿದಿದ್ದರು, ತಲೆಗೆ ಬಟ್ಟೆ ಸುತ್ತಿಕೊಂಡಿದ್ದರು, ಕೂದಲು ಉದುರಿದ್ದನ್ನು ಮನೆಯಲ್ಲಿ ಸೆಕೆಯ ಮೇಲೆ ಹಾಕಿದ್ದೆವು. ಉದ್ದನೆಯ ವಾರ್ಡು. ನನ್ನವಳ ಮಂಚ ಕಡೆಯಲ್ಲಿ, ಕಿಟಕಿಯ ಕೆಳಗೆ. ಬಾಗಿಲಲ್ಲೇ ನಮ್ಮನ್ನು ಕಂಡು ಅವಳು ಎದ್ದು ಕೂತಳು. ಕುಂಟಲು ಆಸರೆಯಾಗಲೆಂದು ನಾನು ಅತ್ತೆಯ ತೋಳು ಹಿಡಿಯಲು ಹೋದೆ. ಅವರು ನನ್ನ ಕೈಯನ್ನು ಬಿಡಿಸಿದರು.

ಅವರು ನೇರ ನಡೆದರು. ಎರಡು ಕಾಲನ್ನೂ ಸಮನಾಗಿ ಊರಿ, ಮಂಚಗಳ ಸಾಲಿನ ನಡುವೆ, ಮಗಳ ಕಡೆಗೆ. ನನ್ನವಳು ಅಮ್ಮನ ಮುಖ ನೋಡಲಿಲ್ಲ. ಅವಳ ಕಣ್ಣು ಅಷ್ಟುದ್ದಕ್ಕೂ ಆ ಕಾಲುಗಳ ಮೇಲೇ ಇತ್ತು. ಅವು ಹತ್ತಿರ ಬರುತ್ತಿದ್ದ ಹಾಗೆ ಅವಳ ಮುಖ ಬಿಳಿಚಿಕೊಂಡಿತು, ಕಣ್ಣೀರು ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ.

"ಮಂಡಿ ವಾಸಿಯಾಯ್ತಾ ಅಮ್ಮ?"

"ಮಂಡಿಗೆ ಏನೂ ಆಗಿರಲಿಲ್ಲ ಮಗಳೇ."

"ಗೊತ್ತು," ಎಂದಳು. "ಎಲ್ಲಿ ಅಂತ ಈಗ ತೋರಿಸು."

ಅತ್ತೆ ನನ್ನ ಕಡೆ ನೋಡಿದರು. ಆಮೇಲೆ ಮಂಚದ ಅಂಚಿನಲ್ಲಿ ಕೂತು, ಮಗಳ ಕೈ ತೆಗೆದುಕೊಂಡು ಶಾಲಿನ ಒಳಗೆ, ಎಡಗಡೆ, ಏನೂ ಉಳಿದಿಲ್ಲದ ಕಡೆ ಇಟ್ಟುಕೊಂಡರು. ಅವಳು ಕೈ ಎಳೆದುಕೊಳ್ಳಲಿಲ್ಲ. ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಕೂಸು ಎದ್ದು ಅಳಲು ಶುರುಮಾಡಿತು. ನಾನು ಎತ್ತಿ ತಂದು ಕೊಟ್ಟೆ, ಅತ್ತೆ ಅದನ್ನು ಬಲತೋಳಿಗೆ ತೆಗೆದುಕೊಂಡರು.